ಚೆಸ್ಟ್‌ನಟ್ ಸ್ಟಾರ್ಟರ್‌ಗಳು: ದೆಹಲಿಯ ಚಳಿಗಾಲದ ಪಾರ್ಟಿಗೊಂದು ಪಾಠ



ಊಟದ ವಿಷಯದಲ್ಲಿ ನಮ್ಮವರನ್ನು ದೆಹಲಿಯಲ್ಲಿ ಯಾರೂ ಹಿಂದೆ ಹಾಕಲಾರರು. ಬಿಸಿಬೇಳೆಭಾತ್, ಹೋಳಿಗೆ, ಸಾರು ಎಂದರೆ ಗುರುಗ್ರಾಮದ ಪಂಜಾಬಿ ಮನೆಯವರೂ ನಮ್ಮನ್ನೇ ಹುಡುಕಿಕೊಂಡು ಬರುತ್ತಾರೆ. ಆದರೆ ಊಟಕ್ಕೆ ಮೊದಲಿನ ಒಂದು ಗಂಟೆಯ ಮಾತು ಬೇರೆ. ಅತಿಥಿಗಳು ಕೈಯಲ್ಲಿ ಸೂಪಿನ ಬಟ್ಟಲು ಹಿಡಿದು ಹುಲ್ಲುಹಾಸಿನ ಮೇಲೆ ಓಡಾಡುವ ಆ ಹೊತ್ತಿನಲ್ಲಿ ನಾವು ಕೊಡುವುದು ಬಹುಪಾಲು ಅದೇ ಗೋಬಿ ಮಂಚೂರಿ, ಅದೇ ಬೇಬಿಕಾರ್ನ್, ಅದೇ ಮಿನಿ ಇಡ್ಲಿ. ಇಲ್ಲಿನ ಗ್ರಾಹಕರು ಕ್ಯಾಟರರ್‌ಗೆ ಅಂಕ ಹಾಕುವುದು ಆ ಒಂದು ಗಂಟೆಯಲ್ಲೇ. ಮುಂದಿನ ಆರ್ಡರ್ ಸಿಗುವುದೂ ಕೈತಪ್ಪುವುದೂ ಅಲ್ಲಿಯೇ.

ಇತ್ತೀಚೆಗೆ ಮೆನು ಮಾತುಕತೆಗೆ ಕುಳಿತಾಗ ‘ಚೆಸ್ಟ್‌ನಟ್‌ನಲ್ಲಿ ಏನಾದರೂ ಮಾಡಿ’ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಆದ್ದರಿಂದ ಈ ಸಂಚಿಕೆಯ ಪಾಠಕ್ಕೆ ಇದನ್ನೇ ಆರಿಸಿಕೊಂಡಿದ್ದೇವೆ. ಕಾಯಿಯನ್ನು ಗುರುತಿಸುವುದು, ಕೊಳ್ಳುವುದು, ಸುಲಿಯುವುದು, ಲೆಕ್ಕ ಹಾಕುವುದು, ಐದು ತಿನಿಸುಗಳನ್ನು ಮಾಡುವುದು – ಇಷ್ಟನ್ನೂ ಕ್ರಮವಾಗಿ ನೋಡೋಣ.

ಒಂದೇ ಹೆಸರು, ಮೂರು ಕಾಯಿ

ಗ್ರಾಹಕರು ಚೆಸ್ಟ್‌ನಟ್ ಎಂದಾಗ ಅವರ ಮನಸ್ಸಿನಲ್ಲಿರುವುದು ಮೂರರಲ್ಲಿ ಒಂದು. ಯಾವುದೆಂದು ಕೇಳಿ ತಿಳಿಯದೆ ದರ ಹೇಳಬಾರದು.

ಮೊದಲನೆಯದು ಸಿಂಘಾಡಾ. ಕೆರೆ ಕುಂಟೆಗಳ ನೀರಿನ ಮೇಲೆ ತೇಲುವ ಬಳ್ಳಿಯಲ್ಲಿ ಬಿಡುವ, ಕೊಂಬುಗಳುಳ್ಳ ಮುಕ್ಕೋನದ ಕಾಯಿ. ಸಂಸ್ಕೃತದಲ್ಲಿ ಇದು ಶೃಂಗಾಟಕ; ಶೃಂಗ ಎಂದರೆ ಕೊಂಬು. ಆಯುರ್ವೇದದಲ್ಲಿ ಓದಿದವರಿಗೆ ಈ ಹೆಸರು ಪರಿಚಿತ. ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಗಳ ಕೆರೆಗಳಲ್ಲಿ ಇದನ್ನು ಬೆಳೆಯುತ್ತಾರೆ. ಕಾಶ್ಮೀರದ ವುಲರ್ ಸರೋವರದಲ್ಲಿ ಇದನ್ನು ಕಿತ್ತು ಮಾರಿ ಬದುಕುವ ಕುಟುಂಬಗಳು ಬಹಳ. ದೆಹಲಿಯ ತಳ್ಳುಗಾಡಿಗಳಲ್ಲಿ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಹಸಿಯದೂ ಬೇಯಿಸಿದ್ದೂ ಸಿಗುತ್ತದೆ. ನಮ್ಮ ಕಡೆಯಿಂದ ಬಂದವರಲ್ಲಿ ಅನೇಕರು ಇದನ್ನು ಮೊದಲ ಸಲ ನೋಡುವುದೇ ದೆಹಲಿಯಲ್ಲಿ.

ಎರಡನೆಯದು ಡಬ್ಬಿಯಲ್ಲಿ ಬರುವ ಚೀನೀ ವಾಟರ್ ಚೆಸ್ಟ್‌ನಟ್. ಹೆಸರು ಅದೇ ಆದರೂ ಇದು ಬೇರೆಯೇ ಗಿಡ. ನೀರಿನಲ್ಲಿ ಬೆಳೆಯುವ ಒಂದು ಬಗೆಯ ಜೊಂಡು ಹುಲ್ಲಿನ ಗೆಡ್ಡೆ. ಗುಂಡಗೆ, ಬೆಳ್ಳಗೆ ಇರುತ್ತದೆ. ಎಷ್ಟು ಬೇಯಿಸಿದರೂ ಕರುಂ ಎನ್ನುವುದು ಇದರ ವಿಶೇಷ ಗುಣ. ಸಿಂಘಾಡಾಕ್ಕೆ ಆ ಗುಣ ಇಲ್ಲ. ಹೆಚ್ಚು ಬೆಂದರೆ ಗೆಣಸಿನಂತೆ ಹಿಟ್ಟುಹಿಟ್ಟಾಗುತ್ತದೆ. ಈ ಒಂದು ವ್ಯತ್ಯಾಸ ನೆನಪಿದ್ದರೆ ಅರ್ಧ ಪಾಠ ಮುಗಿದಂತೆ.

ಮೂರನೆಯದು ನಿಜವಾದ ಚೆಸ್ಟ್‌ನಟ್. ಇದು ಮರದ ಕಾಯಿ. ಮೈತುಂಬ ಮುಳ್ಳಿರುವ ಹೊರಗವಚದೊಳಗೆ ಹೊಳೆಯುವ ಕಂದು ಬಣ್ಣದ ಬೀಜ. ಯುರೋಪಿನ ಚಳಿಗಾಲದ ಬೀದಿಗಳಲ್ಲಿ ಕೆಂಡದ ಮೇಲೆ ಹುರಿದು ಮಾರುವುದು ಇದನ್ನೇ. ನಮ್ಮಲ್ಲಿ ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಬೆಟ್ಟಗಳಲ್ಲಿ ಸ್ವಲ್ಪ ಬೆಳೆಯುತ್ತದೆ. ಕೊಯ್ಲು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಅದೇ ಬೆಟ್ಟಗಳಲ್ಲಿ ಪಾಂಗರ್ ಅಥವಾ ಬನಖೋರ್ ಎಂಬ ಇನ್ನೊಂದು ಮರವಿದೆ. ಇಂಗ್ಲಿಷಿನಲ್ಲಿ ಇದನ್ನು ಹಾರ್ಸ್ ಚೆಸ್ಟ್‌ನಟ್ ಎನ್ನುತ್ತಾರೆ. ನೋಡಲು ಬೀಜ ಹಾಗೆಯೇ ಕಂದಾಗಿ ಹೊಳೆಯುತ್ತದೆ, ಆದರೆ ನೊರೆಕಾಯಿಯಲ್ಲಿರುವಂಥ ಸಪೋನಿನ್ ಎಂಬ ಕಹಿ ವಸ್ತು ಇರುವುದರಿಂದ ತಿನ್ನಲು ಯೋಗ್ಯವಲ್ಲ. ಗುರುತು ಸುಲಭ: ತಿನ್ನುವ ಚೆಸ್ಟ್‌ನಟ್‌ಗೆ ಒಂದು ಕಡೆ ಚೂಪು ತುದಿ ಇದ್ದು ಅದರ ಮೇಲೆ ಸಣ್ಣ ಕುಚ್ಚು ಇರುತ್ತದೆ. ಪಾಂಗರ್ ಬೀಜ ಪೂರ್ತಿ ದುಂಡಗೆ, ತುದಿಯೇ ಇಲ್ಲ. ಬೆಟ್ಟದಿಂದ ಯಾರೋ ಪರಿಚಯದವರು ಅಗ್ಗದಲ್ಲಿ ತಂದುಕೊಟ್ಟರೆಂದು ನೋಡದೆ ಒಲೆಗೆ ಹಾಕಬೇಡಿ.

ಮಾತಿನ ಗೊಂದಲ ಇನ್ನೊಂದಿದೆ. ಚಿತ್ತರಂಜನ್ ಪಾರ್ಕಿನ ಬಂಗಾಳಿ ಮನೆಯವರು ‘ಶಿಂಗಾಡಾ ಇರಲಿ’ ಎಂದರೆ ಅವರು ಕೇಳುತ್ತಿರುವುದು ಸಮೋಸಾ! ಮುಕ್ಕೋನದ ಆಕಾರದಿಂದ ಅದಕ್ಕೂ ಅದೇ ಹೆಸರು. ನೀರಿನ ಕಾಯಿಗೆ ಅವರು ಪಾನಿಫಲ್ ಎನ್ನುತ್ತಾರೆ. ಆರ್ಡರ್ ಬರೆದುಕೊಳ್ಳುವಾಗ ಹಣ್ಣೋ ಕರಿದ ತಿಂಡಿಯೋ ಎಂದು ಕೇಳಿಬಿಡಿ.

ಕೊಳ್ಳುವ ಕ್ರಮ

ಸಿಂಘಾಡಾವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಳ್ಳುವವರು ಆಜಾದ್‌ಪುರ, ಓಖ್ಲಾ, ಗಾಜೀಪುರ ಮಂಡಿಗಳನ್ನು ನೋಡಬಹುದು. ಋತುವಿನ ಆರಂಭದಲ್ಲಿ ತಿರುಳು ಎಳೆಯದು, ನೀರು ಹೆಚ್ಚು, ರುಚಿ ಸಪ್ಪೆ. ನಡುವಿನಲ್ಲಿ, ಎಂದರೆ ಅಕ್ಟೋಬರ್–ನವೆಂಬರ್‌ನಲ್ಲಿ, ಕಡಿದರೆ ಸದ್ದು ಬರುವಷ್ಟು ಗರಿ ಮತ್ತು ಸಣ್ಣ ಸಿಹಿ. ಕೊನೆಗೆ ಬರುವ ಕಾಯಿಯಲ್ಲಿ ಪಿಷ್ಟ ತುಂಬಿ ಗಟ್ಟಿಯಾಗಿರುತ್ತದೆ. ಅದನ್ನು ಬೇಯಿಸಿ ಮಸೆಯುವ ತಿನಿಸಿಗೆ ಇಟ್ಟುಕೊಳ್ಳಿ. ಕೊಳ್ಳುವಾಗ ಪ್ರತಿ ಮೂಟೆಯಿಂದ ನಾಲ್ಕು ಕಾಯಿ ಒಡೆದು ನೋಡಿ. ತಿರುಳು ಕಂದಾಗಿದ್ದರೆ, ಹುಳಿ ವಾಸನೆ ಇದ್ದರೆ, ಅಥವಾ ಸಿಪ್ಪೆ ಒತ್ತಿದಾಗ ಒಳಗೆ ಟೊಳ್ಳೆನಿಸಿದರೆ ಆ ಮೂಟೆ ಬೇಡ.

ಡಬ್ಬಿಯ ವಾಟರ್ ಚೆಸ್ಟ್‌ನಟ್‌ಗೆ ಐಎನ್‌ಎ ಮಾರುಕಟ್ಟೆ ಅನುಕೂಲ. ಡಬ್ಬಿಯ ಮೇಲೆ ಎರಡು ತೂಕ ಬರೆದಿರುತ್ತಾರೆ. ಒಂದು ನೀರೂ ಸೇರಿದ ತೂಕ, ಇನ್ನೊಂದು ನೀರು ಬಸಿದ ಮೇಲಿನ ತೂಕ. ದರ ಲೆಕ್ಕ ಹಾಕಬೇಕಾದುದು ಎರಡನೆಯದರಿಂದ. ಉಬ್ಬಿದ, ನಜ್ಜಾದ, ತುಕ್ಕು ಹಿಡಿದ ಡಬ್ಬಿಯನ್ನು ರಿಯಾಯಿತಿಯಲ್ಲಿ ಕೊಟ್ಟರೂ ತೆಗೆದುಕೊಳ್ಳಬಾರದು.

ನಿಜವಾದ ಚೆಸ್ಟ್‌ನಟ್ ಕೊಳ್ಳುವಾಗ ಅದನ್ನು ಗೋಡಂಬಿಯ ಜಾತಿಗೆ ಸೇರಿಸಬೇಡಿ. ಗೋಡಂಬಿಯಲ್ಲಿ ಅರ್ಧದ ಹತ್ತಿರ ಕೊಬ್ಬು. ಚೆಸ್ಟ್‌ನಟ್‌ನಲ್ಲಿ ಕೊಬ್ಬು ಶೇಕಡಾ 2ರ ಆಸುಪಾಸು ಮಾತ್ರ, ಅರ್ಧದಷ್ಟು ನೀರು, ಉಳಿದದ್ದು ಮುಖ್ಯವಾಗಿ ಪಿಷ್ಟ. ಹಾಗಾಗಿ ಡಬ್ಬದಲ್ಲಿ ಹಾಕಿ ಕಪಾಟಿನಲ್ಲಿಟ್ಟರೆ ಬೂಷ್ಟು ಬರುತ್ತದೆ. ತರಕಾರಿಯಂತೆ, ಗಾಳಿಯಾಡುವ ಚೀಲದಲ್ಲಿ, ಫ್ರಿಜ್‌ನಲ್ಲಿಡಬೇಕು. ಬಳಸುವ ಮೊದಲು ನೀರಿಗೆ ಹಾಕಿ. ಮೇಲೆ ತೇಲಿದ್ದನ್ನೂ ಹುಳುವಿನ ತೂತು ಇರುವುದನ್ನೂ ತೆಗೆದುಬಿಡಿ. ಸುಲಿದು ಪ್ಯಾಕ್ ಮಾಡಿದ ಆಮದು ಸರಕು ಕೊಳ್ಳುವುದಾದರೆ ಲೇಬಲ್ ಓದಿ: ಸಕ್ಕರೆ ಪಾಕದಲ್ಲಿಟ್ಟದ್ದು, ಸಿಹಿ ಬೆರೆಸಿ ಅರೆದದ್ದು ಖಾರದ ತಿನಿಸಿಗೆ ಬರುವುದಿಲ್ಲ.

ಸುಲಿಯುವುದು ಮತ್ತು ಶುಚಿ

ಸಿಂಘಾಡಾ ನಿಂತ ನೀರಿನ ಬೆಳೆ. ಈ ಮಾತನ್ನು ಅಡುಗೆಮನೆಯ ಪ್ರತಿ ಹುಡುಗನಿಗೂ ಹೇಳಿಕೊಡಬೇಕು. ಉತ್ತರ ಪ್ರದೇಶ, ಬಿಹಾರ ಮೊದಲಾದ ಕಡೆ ಇಂಥ ನೀರಿನ ಗಿಡಗಳಿಗೆ ಅಂಟಿಕೊಂಡು ಒಂದು ಬಗೆಯ ಕರುಳಿನ ಚಪ್ಪಟೆ ಹುಳುವಿನ ಮರಿಗಳು ಬರುವುದುಂಟು. ಹಸಿ ಕಾಯಿಯ ಸಿಪ್ಪೆಯನ್ನು ಹಲ್ಲಿನಿಂದ ಕಚ್ಚಿ ತೆಗೆದಾಗ ಅವು ಹೊಟ್ಟೆ ಸೇರುತ್ತವೆ. ಬೀದಿಯಲ್ಲಿ ಜನ ಹೇಗೆ ತಿಂದರೂ ಸರಿ, ನಮ್ಮ ತಟ್ಟೆಯಲ್ಲಿ ಹಸಿ ಸಿಂಘಾಡಾ ಹೋಗಬಾರದು. ಸಲಾಡ್‌ನಲ್ಲೂ ಬೇಡ, ಅಲಂಕಾರಕ್ಕೂ ಬೇಡ.

ಕ್ರಮ ಹೀಗಿರಲಿ: 1. ಸಿಪ್ಪೆ ಸಹಿತ ಕಾಯಿಯನ್ನು ಹರಿಯುವ ನೀರಿನಲ್ಲಿ ಬ್ರಷ್‌ನಿಂದ ಉಜ್ಜಿ ತೊಳೆಯುವುದು. 2. ಎರಡು ಕೊಂಬುಗಳನ್ನು ಮೊದಲು ಕತ್ತರಿಸಿ, ಆಮೇಲೆ ಚಿಕ್ಕ ಚಾಕುವಿನಿಂದ ಸಿಪ್ಪೆ ಬಿಡಿಸುವುದು. ಕೊಂಬು ಚುಚ್ಚಿದರೆ ಗಾಯ ಬೇಗ ಮಾಯುವುದಿಲ್ಲ, ಕೈಗವಸು ಇರಲಿ. 3. ಸುಲಿದ ತಿರುಳನ್ನು ನಿಂಬೆರಸ ಹಿಂಡಿದ ತಣ್ಣೀರಿಗೆ ಹಾಕುವುದು, ಇಲ್ಲದಿದ್ದರೆ ಕಪ್ಪಾಗುತ್ತದೆ. 4. ಎರಡು ಹೋಳು ಮಾಡಿ, ಭರ್ರೆಂದು ಕುದಿಯುವ ಉಪ್ಪುನೀರಿನಲ್ಲಿ ಪೂರ್ತಿ 3 ನಿಮಿಷ ಬಿಟ್ಟು, ತೆಗೆದು ತಣ್ಣೀರಿಗೆ ಹಾಕಿ ಬಸಿಯುವುದು. ಗರಿ ಉಳಿಯುತ್ತದೆ, ಭಯವೂ ಇರುವುದಿಲ್ಲ. ಒಂದೇ ಸಲ ಎಲ್ಲವನ್ನೂ ಸುರಿದರೆ ನೀರಿನ ಕುದಿ ನಿಂತುಹೋಗುತ್ತದೆ. 1 ಕಿಲೋದಂತೆ ಹಾಕಿ, ಮತ್ತೆ ಕುದಿ ಬಂದ ಮೇಲೆಯೇ ನಿಮಿಷ ಎಣಿಸಿ. 5. ಬಳಸುವ ತನಕ ಮುಚ್ಚಿ ಫ್ರಿಜ್‌ನಲ್ಲಿ, 5 ಡಿಗ್ರಿಗಿಂತ ಕೆಳಗೆ. ಹಿಂದಿನ ರಾತ್ರಿ ಸುಲಿದದ್ದು ಮರುದಿನ ಸಂಜೆಗೆ ಮುಗಿಯಬೇಕು.

ಡಬ್ಬಿಯದನ್ನು ಬಸಿದು, ತೊಳೆದು, ಒಂದು ನಿಮಿಷ ಬಿಸಿನೀರಿಗೆ ಹಾಕಿ ತೆಗೆದರೆ ತಗಡಿನ ವಾಸನೆ ಹೋಗುತ್ತದೆ.

ನಿಜವಾದ ಚೆಸ್ಟ್‌ನಟ್‌ನ ಸಿಪ್ಪೆಯ ಮೇಲೆ ಕತ್ತರಿ ಗುರುತಿನಂತೆ ಗೀರು ಹಾಕದೆ ಒಲೆಗಿಡಬಾರದು. ಒಳಗಿನ ನೀರು ಆವಿಯಾಗಿ ಕಾಯಿ ಪಟಾಕಿಯಂತೆ ಸಿಡಿಯುತ್ತದೆ. ಗೀರು ಹಾಕಿ, ಅರ್ಧ ಗಂಟೆ ನೀರಿನಲ್ಲಿ ನೆನೆಸಿ, 200 ಡಿಗ್ರಿ ಓವನ್‌ನಲ್ಲಿ 20ರಿಂದ 25 ನಿಮಿಷ ಹುರಿಯಿರಿ. ತೆಗೆದ ಕೂಡಲೇ ದಪ್ಪ ಬಟ್ಟೆಯಲ್ಲಿ ಸುತ್ತಿ 5 ನಿಮಿಷ ಬಿಡಿ. ಬಿಸಿ ಇರುವಾಗಲೇ ಹೊರಸಿಪ್ಪೆಯನ್ನೂ ಒಳಗಿನ ಒಗರು ಪೊರೆಯನ್ನೂ ತೆಗೆಯಿರಿ. ಆರಿದರೆ ಪೊರೆ ಕಚ್ಚಿಕೊಳ್ಳುತ್ತದೆ.

ಲೆಕ್ಕ

ಊಟ ಹಿಂದೆ ಇರುವ ಪಾರ್ಟಿಗೆ ನಾವು ಹಿಡಿಯುವ ಲೆಕ್ಕ ಇದು: ಒಂದು ಗಂಟೆಗೆ ಒಬ್ಬರಿಗೆ 6 ತುಂಡು. 100 ಜನರಿಗೆ 600 ತುಂಡು. ನಾಲ್ಕು ಬಗೆ ಇದ್ದರೆ ಪ್ರತಿ ಬಗೆ 150. ನಾಲ್ಕರಲ್ಲಿ ಚೆಸ್ಟ್‌ನಟ್‌ನದು ಒಂದೋ ಎರಡೋ ಸಾಕು. ಎಲ್ಲವನ್ನೂ ಅದರಲ್ಲೇ ಮಾಡಿದರೆ ಅತಿಥಿಗಳಿಗೆ ಬೇಸರ, ನಮಗೆ ಖರ್ಚು.

ದರ ಹೇಳುವ ಮೊದಲು ಇಳುವರಿ ತಿಳಿದಿರಬೇಕು. ಒಂದು ಕಿಲೋ ಸಿಂಘಾಡಾ ಸುಲಿದು, ತಿರುಳನ್ನು ತೂಗಿ. ಉದಾಹರಣೆಗೆ ಕಿಲೋಗೆ 60 ರೂಪಾಯಿಯಂತೆ ಕೊಂಡ ಕಾಯಿಯಲ್ಲಿ ಅರ್ಧ ಕಿಲೋ ತಿರುಳು ಸಿಕ್ಕಿತು ಎನ್ನಿ. ಆಗ ನಿಮ್ಮ ತಿರುಳಿನ ಬೆಲೆ ಕಿಲೋಗೆ 120. ಅದರ ಮೇಲೆ ಸುಲಿಯುವವರ ಕೂಲಿ. ಒಬ್ಬರು ಗಂಟೆಗೆ ಎಷ್ಟು ಸುಲಿಯುತ್ತಾರೆಂದು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ಸಿಂಘಾಡಾದಲ್ಲಿ ಲಾಭ ಸೋರಿಹೋಗುವುದು ಕಾಯಿಯ ಬೆಲೆಯಲ್ಲಲ್ಲ, ಈ ಕೂಲಿಯಲ್ಲಿ. ಕೆಲಸದವರು ಕಡಿಮೆ ಇರುವ ದಿನ ಡಬ್ಬಿಯದೇ ಅಗ್ಗ ಬೀಳಬಹುದು.

ಐದು ತಿನಿಸುಗಳು

1. ಕಾಳುಮೆಣಸಿನ ಸಿಂಘಾಡಾ (150 ಕಡ್ಡಿ)

ಕುದಿನೀರಿನಲ್ಲಿ ತೆಗೆದ ಸಿಂಘಾಡಾ ಹೋಳು 3 ಕಿಲೋ, ಎಣ್ಣೆ 150 ಗ್ರಾಂ, ಸಾಸಿವೆ 2 ಚಮಚ, ಉದ್ದಿನಬೇಳೆ 50 ಗ್ರಾಂ, ಕರಿಬೇವು ಎರಡು ಹಿಡಿ, ತೆಳ್ಳಗೆ ಹೆಚ್ಚಿದ ತೆಂಗಿನಕಾಯಿ ಚೂರು 200 ಗ್ರಾಂ, ತರಿತರಿಯಾಗಿ ಕುಟ್ಟಿದ ಕಾಳುಮೆಣಸು 40 ಗ್ರಾಂ, ಉಪ್ಪು 35 ಗ್ರಾಂ, ನಿಂಬೆಹಣ್ಣು 4.

ಹೋಳುಗಳನ್ನು ಬಟ್ಟೆಯ ಮೇಲೆ ಹರಡಿ ನೀರಿನ ಪಸೆ ಪೂರ್ತಿ ಆರಿಸಿ. ಅಗಲವಾದ ಬಾಣಲೆಯಲ್ಲಿ ಒಗ್ಗರಣೆ ಮಾಡಿ, ತೆಂಗಿನ ಚೂರು ಹೊಂಬಣ್ಣಕ್ಕೆ ಬಂದ ಮೇಲೆ ಸಿಂಘಾಡಾ ಹಾಕಿ. ಉರಿ ಜೋರಾಗಿರಲಿ, ನಾಲ್ಕು ನಿಮಿಷ ಮೀರಬೇಡಿ, ಮುಚ್ಚಬೇಡಿ. ಮುಚ್ಚಿದರೆ ಆವಿಯಲ್ಲಿ ಬೆಂದು ಮೆತ್ತಗಾಗುತ್ತದೆ. ಮೆಣಸು, ಉಪ್ಪು ಕೊನೆಗೆ. ಇಳಿಸಿದ ಮೇಲೆ ನಿಂಬೆರಸ. ಒಂದು ಕಡ್ಡಿಗೆ ಎರಡು ಮೂರು ಹೋಳು ಚುಚ್ಚಿ ಕೊಡಿ. ಒಂದೇ ಸಲ 3 ಕಿಲೋ ಹುರಿಯದೆ, 750 ಗ್ರಾಂನಂತೆ ನಾಲ್ಕು ಸಲ ಹುರಿಯಿರಿ.

2. ಸಿಂಘಾಡಾ ಅಂಬೊಡೆ (ಸುಮಾರು 120)

ಕಡಲೆಬೇಳೆ 1 ಕಿಲೋ, ಸಣ್ಣಗೆ ಹೆಚ್ಚಿದ ಸಿಂಘಾಡಾ 400 ಗ್ರಾಂ, ಹಸಿಮೆಣಸಿನಕಾಯಿ 50 ಗ್ರಾಂ, ಶುಂಠಿ 40 ಗ್ರಾಂ, ಸಬ್ಬಸಿಗೆ ಸೊಪ್ಪು ಎರಡು ಕಟ್ಟು, ಕರಿಬೇವು, ಇಂಗು, ಉಪ್ಪು.

ಬೇಳೆಯನ್ನು ಎರಡು ಗಂಟೆ ನೆನೆಸಿ, ಚೆನ್ನಾಗಿ ಬಸಿದು, ನೀರು ಹಾಕದೆ ತರಿಯಾಗಿ ರುಬ್ಬಿ. ಸಿಂಘಾಡಾ ಮತ್ತು ಉಪ್ಪನ್ನು ಕರಿಯುವ ಹೊತ್ತಿಗೆ ಸರಿಯಾಗಿ, ಅರ್ಧರ್ಧ ಹಿಟ್ಟಿಗೆ ಬೆರೆಸಿ. ಮೊದಲೇ ಬೆರೆಸಿಟ್ಟರೆ ಉಪ್ಪು ಸಿಂಘಾಡಾದ ನೀರನ್ನು ಎಳೆದು ಹಿಟ್ಟು ಸಡಿಲವಾಗುತ್ತದೆ, ಅಂಬೊಡೆ ಎಣ್ಣೆ ಕುಡಿಯುತ್ತದೆ. ಹದವಾದ ಉರಿಯಲ್ಲಿ ಕರಿಯಿರಿ. ಸಬ್ಬಸಿಗೆಯ ಪರಿಮಳದ ನಡುವೆ ಹಲ್ಲಿಗೆ ಸಿಗುವ ಸಿಹಿ ಗರಿ ಚೂರು ಇದರ ಸೊಗಸು. ನವೆಂಬರ್‌ನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮಗಳಿಗೆ ಇದು ಹೇಳಿ ಮಾಡಿಸಿದ್ದು. ನಮ್ಮೂರಿನ ತಿಂಡಿ, ದೆಹಲಿಯ ಕಾಯಿ.

3. ಪತ್ರೊಡೆ ಸುರುಳಿ

ಅಮೆರಿಕದ ಪಾರ್ಟಿಗಳಲ್ಲಿ ರುಮಾಕಿ ಎಂಬ ಹಳೆಯ ತಿನಿಸೊಂದಿದೆ. ವಾಟರ್ ಚೆಸ್ಟ್‌ನಟ್ ಹೋಳನ್ನು ಕೋಳಿಯ ಪಿತ್ತಜನಕಾಂಗದ ಜೊತೆ ಹಂದಿಮಾಂಸದ ತೆಳುಪಟ್ಟಿಯಲ್ಲಿ ಸುತ್ತಿ, ಕಡ್ಡಿ ಚುಚ್ಚಿ ಸುಡುತ್ತಾರೆ. ಹೊರಗೆ ಮೆತ್ತಗೆ, ನಡುವೆ ಗರಿ – ತತ್ವ ಇಷ್ಟೇ. ಅದನ್ನು ನಾವು ನಮ್ಮ ಕರಾವಳಿಯ ಪತ್ರೊಡೆಗೆ ತಂದುಕೊಳ್ಳಬಹುದು. ಇಲ್ಲಿ ಡಬ್ಬಿಯ ವಾಟರ್ ಚೆಸ್ಟ್‌ನಟ್ಟೇ ಬೇಕು. ಮುಕ್ಕಾಲು ಗಂಟೆ ಹಬೆಯಲ್ಲಿದ್ದರೂ ಗರಿ ಉಳಿಸಿಕೊಳ್ಳುವುದು ಅದೊಂದೇ.

ಅಕ್ಕಿ, ಕಾಯಿತುರಿ, ಒಣಮೆಣಸಿನಕಾಯಿ, ಕೊತ್ತಂಬರಿ, ಹುಣಸೆಹಣ್ಣು, ಬೆಲ್ಲ ಹಾಕಿ ರುಬ್ಬಿದ ಎಂದಿನ ಹಿಟ್ಟು. ಕೆಸುವಿನೆಲೆಯ ನಾರು ಹೊರೆದು, ಹಿಟ್ಟು ಸವರಿ, ಮೂರು ಎಲೆ ಒಂದರ ಮೇಲೊಂದಿಟ್ಟು, ಅಂಚಿನಲ್ಲಿ ಹೋಳುಗಳನ್ನು ಸಾಲಾಗಿ ಜೋಡಿಸಿ ಬಿಗಿಯಾಗಿ ಸುತ್ತಿ. 40ರಿಂದ 45 ನಿಮಿಷ ಹಬೆಯಲ್ಲಿ ಬೇಯಲಿ. ಹುಣಸೆಹಣ್ಣಿನಲ್ಲೂ ಬೇಯುವ ಸಮಯದಲ್ಲೂ ಜುಗ್ಗತನ ಮಾಡಿದರೆ ಗಂಟಲು ತುರಿಸುತ್ತದೆ. ಆರಿದ ಮೇಲೆ ಬಿಲ್ಲೆಗಳಾಗಿ ಕತ್ತರಿಸಿ, ಕಾವಲಿಯ ಮೇಲೆ ತೆಂಗಿನೆಣ್ಣೆಯಲ್ಲಿ ಎರಡೂ ಬದಿ ಕೆಂಪಗೆ ಮಾಡಿ ಕೊಡಿ. ಹಿಂದಿನ ದಿನವೇ ಬೇಯಿಸಿ ಫ್ರಿಜ್‌ನಲ್ಲಿಡಬಹುದಾದ್ದರಿಂದ ದೊಡ್ಡ ಪಾರ್ಟಿಗೆ ಅನುಕೂಲ. ಎಳೆಯ ಎಲೆ ದೆಹಲಿಯಲ್ಲಿ ಮಳೆಗಾಲದಿಂದ ಚಳಿ ಶುರುವಾಗುವ ತನಕ. ಸೊಪ್ಪಿನವರನ್ನು ‘ಅರ್ಬಿ ಕೆ ಪತ್ತೆ’ ಎಂದು ಕೇಳಿ.

4. ಚೆಸ್ಟ್‌ನಟ್ ಕಬಾಬ್ (ಸುಮಾರು 60)

ಹುರಿದು ಸುಲಿದ ಚೆಸ್ಟ್‌ನಟ್ 1 ಕಿಲೋ, ಬೇಯಿಸಿದ ಆಲೂಗಡ್ಡೆ 300 ಗ್ರಾಂ, ಹುರಿಗಡಲೆ ಪುಡಿ 150 ಗ್ರಾಂ, ಹಸಿಮೆಣಸಿನಕಾಯಿ, ಶುಂಠಿ, ಕೊತ್ತಂಬರಿ ಸೊಪ್ಪು, ಗರಂ ಮಸಾಲೆ 2 ಚಮಚ, ಉಪ್ಪು 18 ಗ್ರಾಂ, ನಿಂಬೆರಸ.

ಚೆಸ್ಟ್‌ನಟ್‌ನಲ್ಲಿ ಕೊಬ್ಬಿಲ್ಲದ ಕಾರಣ ಬಾಯಲ್ಲಿ ಒಣಗಿದಂತೆ ಅನಿಸುತ್ತದೆ. ಹಾಗಾಗಿ ಮಸೆಯುವಾಗ 50 ಗ್ರಾಂ ತುಪ್ಪ ಸೇರಿಸಿ. ಸಹಜ ಸಿಹಿ ಇರುವುದರಿಂದ ಖಾರ, ಹುಳಿ ಎರಡೂ ಸ್ವಲ್ಪ ಮುಂದಿರಲಿ. 25 ಗ್ರಾಂನ ಬಿಲ್ಲೆ ತಟ್ಟಿ ತುಪ್ಪದಲ್ಲಿ ಕಾವಲಿಯ ಮೇಲೆ ಸುಡಿ. ಪುಡಿಯಾದ, ಸುಲಿಯುವಾಗ ಮುರಿದ ಕಾಯಿಯನ್ನು ಇದಕ್ಕೆ ಬಳಸಿ. ಇಡಿಯಾಗಿ ಉಳಿದದ್ದನ್ನು ಬೆಣ್ಣೆ, ಕಾಳುಮೆಣಸು, ಉಪ್ಪಿನಲ್ಲಿ ಹೊರಳಿಸಿ ಬಿಸಿಬಿಸಿ ಕೊಡಿ. ದುಬಾರಿ ಸರಕನ್ನು ಹೀಗೆ ಪೂರ್ತಿ ಬಳಸಿದರೆ ಮಾತ್ರ ಕೈಕಚ್ಚುವುದಿಲ್ಲ.

5. ವ್ರತದ ಸಿಂಘಾಡಾ ಟಿಕ್ಕಿ (ಸುಮಾರು 100)

ಬೇಯಿಸಿದ ಆಲೂಗಡ್ಡೆ 2 ಕಿಲೋ, ಸಿಂಘಾಡಾ ಹಿಟ್ಟು 400 ಗ್ರಾಂ, ಹಸಿಮೆಣಸಿನಕಾಯಿ 40 ಗ್ರಾಂ, ಶುಂಠಿ 50 ಗ್ರಾಂ, ಜೀರಿಗೆ, ಸೈಂಧವ ಲವಣ 28 ಗ್ರಾಂ, ಹುರಿದು ಪುಡಿ ಮಾಡಿದ ಕಡಲೆಕಾಯಿ 100 ಗ್ರಾಂ, ಸುಡಲು ತುಪ್ಪ.

ಆಲೂಗಡ್ಡೆ ಪೂರ್ತಿ ಆರಿದ ಮೇಲೆ ತುರಿದು ಹಿಟ್ಟು ಬೆರೆಸಿ. ಬಿಸಿ ಇರುವಾಗ ಬೆರೆಸಿದರೆ ಅಂಟಾಗಿ, ಇನ್ನಷ್ಟು ಹಿಟ್ಟು ಬೇಡುತ್ತದೆ. ಸಿಂಘಾಡಾ ಹಿಟ್ಟಿನಲ್ಲಿ ಗೋಧಿಯ ಜಿಗುಟು ಇಲ್ಲ. ಆದ್ದರಿಂದ ಬಿಲ್ಲೆ ಸಣ್ಣದಾಗಿರಲಿ, ಒಂದು ಬದಿ ಕೆಂಪಾಗುವ ತನಕ ತಿರುವಬೇಡಿ.

ವ್ರತದ ಅಡುಗೆ: ನಂಬಿಕೆಯ ವಿಷಯ

ಐದನೆಯ ತಿನಿಸಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಿದೆ. ನಮ್ಮಲ್ಲಿ ನವರಾತ್ರಿ ಎಂದರೆ ಗೊಂಬೆ, ಸುಂಡಲು, ಪಾಯಸ. ಇಲ್ಲಿನ ಅನೇಕ ಮನೆಗಳಲ್ಲಿ ಅದು ಒಂಬತ್ತು ದಿನ ಧಾನ್ಯ ಬಿಡುವ ಉಪವಾಸ, ಅದೂ ವರ್ಷಕ್ಕೆ ಎರಡು ಸಲ, ಚೈತ್ರದಲ್ಲಿ ಮತ್ತು ಆಶ್ವಯುಜದಲ್ಲಿ. ಸಿಂಘಾಡಾ ಧಾನ್ಯವಲ್ಲ, ಹಣ್ಣು. ಆದ್ದರಿಂದಲೇ ಅದಕ್ಕೆ ವ್ರತದಲ್ಲಿ ಸ್ಥಾನ. ಇಂಥ ಮನೆಯ ಕೆಲಸ ಒಪ್ಪಿಕೊಂಡ ಮೇಲೆ ನಮ್ಮ ಕೈಯಿಂದ ಅವರ ವ್ರತ ಕೆಟ್ಟರೆ ಆ ಮನೆ ಮಾತ್ರವಲ್ಲ, ಆ ಬೀದಿಯೇ ಕೈತಪ್ಪುತ್ತದೆ. ಅದಕ್ಕಿಂತ ಮುಖ್ಯವಾಗಿ, ನಮ್ಮನ್ನು ನಂಬಿ ತಿಂದವರಿಗೆ ದ್ರೋಹವಾಗುತ್ತದೆ.

ನಮ್ಮ ಭಟ್ಟರ ಕೈಗೆ ಅಭ್ಯಾಸಬಲದಿಂದ ಬರುವ ಮೂರು ವಸ್ತುಗಳು ಇಲ್ಲಿ ಅಪಾಯಕಾರಿ. ಮೊದಲನೆಯದು ಗರಿಯಾಗಲೆಂದು ಹಾಕುವ ಒಂದು ಹಿಡಿ ಅಕ್ಕಿಹಿಟ್ಟು. ಎರಡನೆಯದು ಪುಡಿ ಉಪ್ಪು. ಬೇಕಾದುದು ಸೈಂಧವ ಲವಣ. ಮೂರನೆಯದು ಇಂಗು. ಅಂಗಡಿಯಲ್ಲಿ ಸಿಗುವ ಕೂಟಿಂಗಿನಲ್ಲಿ ಸಾಮಾನ್ಯವಾಗಿ ಗೋಧಿಹಿಟ್ಟೋ ಮೈದಾವೋ ಬೆರೆತಿರುತ್ತದೆ. ಡಬ್ಬಿಯ ಹಿಂಬದಿ ಓದಿದರೆ ತಿಳಿಯುತ್ತದೆ. ಚಿಟಿಕೆ ಇಂಗಿನಿಂದ ಧಾನ್ಯ ತಟ್ಟೆ ಸೇರಿದಂತಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಇಲ್ಲವೆಂಬುದು ಎಲ್ಲರಿಗೂ ಗೊತ್ತು. ಸಾಸಿವೆ, ಅರಿಸಿನ, ಕರಿಬೇವಿನ ವಿಷಯದಲ್ಲಿ ಮನೆಯಿಂದ ಮನೆಗೆ ಪದ್ಧತಿ ಬೇರೆ. ಮನೆಯ ಹಿರಿಯರನ್ನು ‘ಮಾತಾಜಿ, ಇದು ನಿಮ್ಮಲ್ಲಿ ನಡೆಯುತ್ತದೆಯೇ’ ಎಂದು ಮೊದಲೇ ಕೇಳಿ ಬರೆದುಕೊಳ್ಳಿ. ಕೇಳಿದ್ದಕ್ಕೆ ಯಾರೂ ಬೇಸರಿಸುವುದಿಲ್ಲ, ಬದಲಾಗಿ ಗೌರವ ಹೆಚ್ಚುತ್ತದೆ. ಎಣ್ಣೆ, ಬಾಣಲೆ, ಜಾಲರಿ ಸೌಟು ಬೇರೆಯೇ ಇರಲಿ. ಅಂಬೊಡೆ ಕರಿದ ಎಣ್ಣೆಯಲ್ಲಿ ವ್ರತದ ತಿನಿಸು ಕರಿದರೆ ಉಳಿದೆಲ್ಲ ಜಾಗ್ರತೆಯೂ ವ್ಯರ್ಥ. ಗೋಧಿ ತಿನ್ನಬಾರದೆಂದು ವೈದ್ಯರು ಹೇಳಿದ ಅತಿಥಿಗಳಿಗೂ ಇದೇ ಶಿಸ್ತು ಬೇಕು.

ಹಿಟ್ಟಿನ ತಾಜಾತನ ಇನ್ನೊಂದು ವಿಷಯ. 2011ರ ಏಪ್ರಿಲ್‌ನಲ್ಲಿ, ಚೈತ್ರ ನವರಾತ್ರಿಯ ಹೊತ್ತಿಗೆ, ಕುಟ್ಟು ಹಿಟ್ಟಿನ ತಿನಿಸು ತಿಂದು ದೆಹಲಿಯಲ್ಲಿ ಬಹಳ ಜನ ಆಸ್ಪತ್ರೆ ಸೇರಿದ್ದರು. ಸಿಂಘಾಡಾ ಹಿಟ್ಟೂ ಅದೇ ಅಂಗಡಿಗಳಲ್ಲಿ, ಅದೇ ಎರಡು ಋತುಗಳಲ್ಲಿ ಮಾರಾಟವಾಗುವ ಸರಕು. ಕಳೆದ ಹಬ್ಬದಲ್ಲಿ ಉಳಿದ ಹಿಟ್ಟನ್ನು ಈ ಹಬ್ಬಕ್ಕೆ ಬಳಸಬೇಡಿ. ಬಿಡಿ ಹಿಟ್ಟಿಗಿಂತ ತಯಾರಿಕೆಯ ದಿನಾಂಕ ಮತ್ತು ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರುವ ಪ್ಯಾಕೆಟ್ ಒಳ್ಳೆಯದು. ಖಾರಿ ಬಾವಲಿಯಿಂದ ಒಣ ಸಿಂಘಾಡಾ ತಂದು ಕಣ್ಣೆದುರೇ ಬೀಸಿಸಿದರೆ ಇನ್ನೂ ಒಳ್ಳೆಯದು. ಆದರೆ ಆ ಗಿರಣಿಯಲ್ಲಿ ಅದಕ್ಕೂ ಮೊದಲು ಗೋಧಿ ಬೀಸಿರಬಾರದು.

ಚಳಿ, ಕೆಂಡ, ಎಣ್ಣೆ

ಡಿಸೆಂಬರ್–ಜನವರಿಯ ರಾತ್ರಿ ಬಯಲಿನಲ್ಲಿ ಕರಿದ ತಿನಿಸು ಕೆಲವೇ ನಿಮಿಷಗಳಲ್ಲಿ ತಣ್ಣಗಾಗುತ್ತದೆ. ತಣ್ಣಗಾದ ಸಿಂಘಾಡಾ ಟಿಕ್ಕಿ ರಬ್ಬರಿನಂತೆ. ಆದ್ದರಿಂದ ದೊಡ್ಡ ಟ್ರೇ ಬಿಟ್ಟು 12 ತುಂಡಿನ ಚಿಕ್ಕ ತಟ್ಟೆಗಳಲ್ಲಿ, ಮೇಲಿಂದ ಮೇಲೆ ಕಳಿಸಿ. ಬಡಿಸುವ ಹುಡುಗರು ಹೆಚ್ಚು ಬೇಕಾಗುತ್ತದೆ, ಅದನ್ನು ದರದಲ್ಲಿ ಸೇರಿಸಿ. ಕಾದಿಡಬೇಕಾದರೆ 60 ಡಿಗ್ರಿಗಿಂತ ಮೇಲಿರಲಿ.

‘ಅಲ್ಲೇ ಕೆಂಡದ ಮೇಲೆ ಚೆಸ್ಟ್‌ನಟ್ ಹುರಿದು ಕೊಡಿ, ಶಕರಕಂದಿ ಗಾಡಿಯ ಹಾಗೆ’ ಎಂದು ಕೇಳುವವರಿದ್ದಾರೆ. ನೋಡಲು ಚೆಂದ ನಿಜ. ಆದರೆ ದೆಹಲಿ ರಾಜಧಾನಿ ವಲಯದಲ್ಲಿ ಗಾಳಿ ಕೆಟ್ಟಾಗ ಜಾರಿಯಾಗುವ ಗ್ರ್ಯಾಪ್ ನಿಯಮಗಳ ಮೊದಲ ಹಂತದಲ್ಲೇ ಹೋಟೆಲ್, ರೆಸ್ಟೋರೆಂಟ್, ಬಯಲು ಭೋಜನಶಾಲೆಗಳ ತಂದೂರಿಗೆ ಕಲ್ಲಿದ್ದಲು, ಕಟ್ಟಿಗೆ ಉಪಯೋಗಿಸುವುದಕ್ಕೆ ನಿರ್ಬಂಧವಿದೆ. ಚೆಸ್ಟ್‌ನಟ್ ಕಾಲವೂ ಕೆಟ್ಟ ಗಾಳಿಯ ಕಾಲವೂ ಒಂದೇ. ಗ್ಯಾಸ್ ಅಥವಾ ವಿದ್ಯುತ್ ಒಲೆಯ ಮೇಲೆ ದಪ್ಪ ಕಬ್ಬಿಣದ ಬಾಣಲೆ ಇಟ್ಟು ಮುಚ್ಚಳ ಹಾಕಿ ಹುರಿದರೂ ಪರಿಮಳ ಬರುತ್ತದೆ. ಆರ್ಡರ್ ಪಡೆಯುವಾಗಲೇ ಇದನ್ನು ತಿಳಿಸಿ ಒಪ್ಪಿಸಿ.

ಕರಿಯುವ ಎಣ್ಣೆಯ ವಿಷಯದಲ್ಲಿ 2018ರ ಜುಲೈ 1ರಿಂದ ಜಾರಿಯಲ್ಲಿರುವ ಮಿತಿ ನೆನಪಿರಲಿ: ಒಟ್ಟು ಪೋಲಾರ್ ಸಂಯುಕ್ತಗಳು ಶೇಕಡಾ 25 ದಾಟಿದ ಎಣ್ಣೆಯನ್ನು ಬಳಸುವಂತಿಲ್ಲ. ನೀರಿನ ಪಸೆ ಇರುವ ಸಿಂಘಾಡಾ ಎಣ್ಣೆಯನ್ನು ಬೇಗ ಕೆಡಿಸುತ್ತದೆ. ಒರೆಸಿ ಹಾಕುವುದು ರುಚಿಗೂ ಹೌದು, ಜೇಬಿಗೂ ಹೌದು.

ಅಲರ್ಜಿ

ಸಿಂಘಾಡಾವಾಗಲಿ ಚೀನೀ ಗೆಡ್ಡೆಯಾಗಲಿ ಮರದ ಬೀಜವಲ್ಲ. ನಿಜವಾದ ಚೆಸ್ಟ್‌ನಟ್ ಮಾತ್ರ ಮರದ ಬೀಜ. ಬೀಜಗಳ ಅಲರ್ಜಿ ಇರುವ ಅತಿಥಿಗೆ ಮೂರೂ ‘ಚೆಸ್ಟ್‌ನಟ್’ ಎಂಬ ಒಂದೇ ಹೆಸರಿನಲ್ಲಿ ಕೇಳಿಸುತ್ತದೆ, ಆದ್ದರಿಂದ ತಟ್ಟೆಯ ಮುಂದಿನ ಚೀಟಿಯಲ್ಲಿ ಸಿಂಘಾಡಾ ಎಂದೋ ಚೆಸ್ಟ್‌ನಟ್ ಎಂದೋ ಸ್ಪಷ್ಟವಾಗಿ ಬರೆಯಿರಿ. ಇನ್ನೊಂದು ಅಂಶ: ಲೇಟೆಕ್ಸ್ ರಬ್ಬರ್ ಅಲರ್ಜಿ ಇರುವ ಕೆಲವರಿಗೆ ಬಾಳೆಹಣ್ಣು, ಬೆಣ್ಣೆಹಣ್ಣು, ಕಿವಿ, ಚೆಸ್ಟ್‌ನಟ್ ಕೂಡ ಒಗ್ಗುವುದಿಲ್ಲ. ಸುಲಿಯುವ ನಮ್ಮ ಹುಡುಗರಲ್ಲೂ ಅಂಥವರಿರಬಹುದು. ನೈಟ್ರೈಲ್ ಕೈಗವಸು ಕೊಟ್ಟರೆ ಇಬ್ಬರಿಗೂ ಕ್ಷೇಮ. ಟಿಕ್ಕಿಯಲ್ಲಿ ಕಡಲೆಕಾಯಿ ಇರುವುದನ್ನೂ ಚೀಟಿಯಲ್ಲಿ ಬರೆಯುವುದು ಮರೆಯಬಾರದು.

ಅಭ್ಯಾಸಕ್ಕೆ

ಈ ವಾರ ಒಂದು ಕಿಲೋ ಸಿಂಘಾಡಾ ಮತ್ತು ಒಂದು ಡಬ್ಬಿ ವಾಟರ್ ಚೆಸ್ಟ್‌ನಟ್ ತನ್ನಿ. ಎರಡನ್ನೂ 3 ನಿಮಿಷ, 10 ನಿಮಿಷ, 30 ನಿಮಿಷ ಬೇಯಿಸಿ, ನಿಮ್ಮ ಅಡುಗೆಯವರೆಲ್ಲರಿಗೂ ಕಚ್ಚಿ ನೋಡಲು ಕೊಡಿ. ಯಾವ ಕಾಯಿಗೆ ಯಾವ ತಿನಿಸು ಎಂಬುದು ಹೇಳದೆಯೇ ಅವರಿಗೆ ತಿಳಿಯುತ್ತದೆ. ಸುಲಿದ ತೂಕ, ಹಿಡಿದ ಸಮಯ, ಬಿದ್ದ ಖರ್ಚು, ಮೂರನ್ನೂ ಪುಸ್ತಕದಲ್ಲಿ ಬರೆದಿಡಿ. ಅಂಬೊಡೆಯಿಂದ ಶುರುಮಾಡುವುದು ಸುಲಭ, ಏಕೆಂದರೆ ಅದರ ಹದ ನಮ್ಮ ಕೈಗೆ ಗೊತ್ತು. ಅದು ಕುದುರಿದ ಮೇಲೆ ಪತ್ರೊಡೆ, ಆಮೇಲೆ ಕಬಾಬ್.

ಮುಂದಿನ ಸಲ ಮೆನು ಮಾತುಕತೆಯಲ್ಲಿ ಯಾರಾದರೂ ಚೆಸ್ಟ್‌ನಟ್ ಎಂದರೆ ‘ಆಗಲಿ’ ಎಂದು ತಲೆಯಾಡಿಸುವ ಬದಲು ‘ಮೂರರಲ್ಲಿ ಯಾವುದು ಸಾರ್?’ ಎಂದು ಕೇಳಿ. ಗ್ರಾಹಕರಿಗೆ ತಾವು ಸರಿಯಾದವರ ಬಳಿ ಬಂದಿದ್ದೇವೆ ಎಂಬ ಧೈರ್ಯ ಬರುವುದು ಆ ಪ್ರಶ್ನೆಯಿಂದಲೇ.